ಬೆಂಚಿನ ಮೇಲೆ ನನ್ನ ಜೊತೆ ಕೂತವಳು

ಇದನ್ನು ಓದಿ ನೀವು ನಂಬಲೇಬೇಕು ಎಂಬ ಹಟ ನನಗಿಲ್ಲ. ಆದರೆ ಕನಸು ಕಂಡಿರಬೇಕು, ಕತ್ತಲಲ್ಲಿ ಏನೋ ಅನ್ನಿಸಿರಬೇಕು ಎಂದು ಮಾತ್ರ ಹೇಳಬೇಡಿ. ಆ ರಾತ್ರಿ ನನ್ನ ಕಣ್ಣಿಗೆ ನಿದ್ದೆ ಹತ್ತಿರಲಿಲ್ಲ. ಹೆದರಿಯೂ ಇರಲಿಲ್ಲ... ಹೆದರಿಕೆ ಆಮೇಲೆ ಬಂದದ್ದು. ಇನ್ನೂ ಹೋಗಿಲ್ಲ.

ನನ್ನ ಹೆಸರು ರತ್ನ. ದೊಡ್ಡಬಳ್ಳಾಪುರದ ಕಡೆ ಒಂದು ನೇಕಾರರ ಊರು ನಮ್ಮದು. ಊರಿನ ಹೆಸರು ಬೇಡ, ಈ ಕಥೆಯಲ್ಲಿ ಬರುವವರೆಲ್ಲ ಇನ್ನೂ ಅಲ್ಲೇ ಇದ್ದಾರೆ. ನಮ್ಮ ಯಜಮಾನರದ್ದು ಪವರ್‌ಲೂಮ್ ಕೆಲಸ. ನಾನು ಮನೆಯ ಮುಂದಿನ ಕೋಣೆಯಲ್ಲಿ ಬ್ಲೌಸ್ ಹೊಲಿಯುತ್ತೇನೆ.

ನಮ್ಮೂರಿಗೆ ಒಂದು ಹಳೇ ಪಾರ್ಕಿದೆ. ಮಹಾರಾಜರ ಕಾಲದ್ದು. ಮುಂದೆ ಕಲ್ಲಿನ ಕಮಾನು, ನಡುವೆ ಒಂದು ದುಂಡನೆಯ ಬ್ಯಾಂಡ್‌ಸ್ಟ್ಯಾಂಡ್, ಅದರ ಹಿಂದೆ ಮಳೆಮರಗಳ ಉದ್ದನೆಯ ಸಾಲು. ಒಂದು ಕಾಲಕ್ಕೆ ಬ್ಯಾಂಡ್‌ಸ್ಟ್ಯಾಂಡಿನಲ್ಲಿ ಊರಿಗೆಲ್ಲ ಸೇರಿ ಒಂದೇ ರೇಡಿಯೋ ಇತ್ತಂತೆ. ಸಂಜೆ ವಾರ್ತೆ ಕೇಳಲು ಜನ ಚಾಪೆ ತಂದು ಕೂರುತ್ತಿದ್ದರಂತೆ. ಕೈಮಗ್ಗದ ದಿನಗಳಲ್ಲಿ ನೇಕಾರರು ಬೆಳಗಿನ ಹೊತ್ತು ನೂಲನ್ನು ಮರದಿಂದ ಮರಕ್ಕೆ ಎಳೆದು ಕಟ್ಟಿ, ಉದ್ದ ಕುಂಚದಲ್ಲಿ ಗಂಜಿ ಸವರಿ ಒಣಗಿಸುತ್ತಿದ್ದದ್ದೂ ಆ ಸಾಲಿನ ಕೆಳಗೇ.

ನಮ್ಮ ಕಾಲಕ್ಕೆ ರೇಡಿಯೋ ಇರಲಿಲ್ಲ, ಗಂಜಿಯೂ ಇರಲಿಲ್ಲ. ಆದರೂ ಪಾರ್ಕು ಎಂದೂ ಖಾಲಿ ಬಿದ್ದದ್ದಿಲ್ಲ. ಮುಷ್ಕರದ ಸಭೆ ಅಲ್ಲೇ, ಶಾಲೆಯ ಓಟದ ಪಂದ್ಯ ಅಲ್ಲೇ. ದಾಬಸ್‌ಪೇಟೆಯ ಫ್ಯಾಕ್ಟರಿ ಬಸ್ಸಿಗೆ ಕಾಯುವ ಹುಡುಗಿಯರು ಅಲ್ಲೇ ಕೂತು ತಲೆ ಬಾಚಿಕೊಂಡು ಹೋಗುತ್ತಿದ್ದರು. ಮನೆ ಚಿಕ್ಕದಾದವರು ಹೆಣ್ಣು ತೋರಿಸಲು ಗಂಡಿನ ಕಡೆಯವರನ್ನು ಅಲ್ಲಿಗೇ ಕರೆಯುತ್ತಿದ್ದರು. ನಮ್ಮ ಯಜಮಾನರು ನನ್ನನ್ನು ಒಪ್ಪಿದ್ದೂ ಆ ಮರಗಳ ಕೆಳಗೇ, ಕಡಲೆಕಾಯಿ ತಿನ್ನುತ್ತಾ.

ಮದುವೆಯಾದ ಹೊಸತರಲ್ಲಿ ನನಗೆ ಸಿಕ್ಕ ಗೆಳತಿ ಗಿರಿಜಾ. ಇಲ್ಲೇ ಹತ್ತಿರದ ಮಧುರೆಯ ಕಡೆಯ ರೈತರ ಮನೆಯಿಂದ ಸೊಸೆಯಾಗಿ ಬಂದವಳು. ಮಗ್ಗದ ಗಂಧಗಾಳಿ ಗೊತ್ತಿಲ್ಲದವಳು. ಅತ್ತೆಯ ಕಾಟ, ಬಸಿರು, ಬಾಣಂತನ, ಗಂಡಂದಿರ ಸಿಟ್ಟು... ನಾವಿಬ್ಬರೂ ಅತ್ತದ್ದು ನಕ್ಕದ್ದು ಎಲ್ಲ ಆ ಪಾರ್ಕಿನಲ್ಲೇ. ಅವಳ ಮನೆ ಗೇಟಿಗೆ ಎದುರು. ಪಾರ್ಕು ನೋಡಿಕೊಳ್ಳುವ ಸಮಿತಿಯಲ್ಲಿ ಇದ್ದ ಒಬ್ಬಳೇ ಹೆಂಗಸು ಅವಳು. ಗೇಟಿನ ಬೀಗದ ಕೈ ಅವಳ ಹತ್ತಿರವೇ ಇರುತ್ತಿತ್ತು.

ಹೋದ ವರ್ಷ ಸಮಿತಿಯ ಗಂಡಸರು ಒಬ್ಬ ಕಂಟ್ರಾಕ್ಟರನ ಮಾತಿಗೆ ಒಪ್ಪಿ, ಪಾರ್ಕಿನ ಹಿಂದಿನ ಅರ್ಧವನ್ನು ಕನ್ವೆನ್ಷನ್ ಹಾಲಿಗೆ ಕೊಡಲು ನಿಂತರು. ಮಳೆಮರಗಳೆಲ್ಲ ಹೋಗಬೇಕು. ಮೊದಲು ಎದ್ದು ನಿಂತು ಆಗಲ್ಲ ಎಂದವಳು ಗಿರಿಜಾ. ಬೀದಿ ಬೀದಿ ತಿರುಗಿ ಹೆಂಗಸರನ್ನು ಸೇರಿಸಿದವಳೂ ಅವಳೇ. ನಾವು ಒಬ್ಬ ವಕೀಲರನ್ನು ಹಿಡಿದೆವು. ನಾಳೆ ಮಧ್ಯಾಹ್ನದೊಳಗೆ ತಡೆಯಾಜ್ಞೆ ಕೈಗೆ ಬರುತ್ತದೆ ಎಂದು ಅವರು ಹೇಳಿದ ದಿನವೇ ಇನ್ನೊಂದು ಸುದ್ದಿ ಬಂತು... ಆಜ್ಞೆ ಬರುವ ಮೊದಲೇ, ಬೆಳಕು ಹರಿಯುವಷ್ಟರಲ್ಲಿ, ಮರ ಕಡಿಯುವವರು ಬರುತ್ತಾರೆ.

"ಒಂದು ರಾತ್ರಿ ತಾನೇ," ಎಂದಳು ಗಿರಿಜಾ. "ನಾವೇ ಹೋಗಿ ಮರದ ಕೆಳಗೆ ಕೂತ್ಕೊಳಣ. ಹೆಂಗಸ್ರು ಕೂತಿದ್ರೆ ಗರಗಸ ಹೆಂಗ್ ಹಾಕ್ತಾರೋ ನೋಡ್ತೀನಿ."

ಎಲ್ಲರೂ ಒಪ್ಪಿದರು. ಊಟ ಮುಗಿಸಿ ಹೊದಿಕೆ ತಗೊಂಡು ಬರುವುದು ಎಂದು ತೀರ್ಮಾನವಾಯಿತು.

ನನಗೆ ಊಟ ಸೇರಲಿಲ್ಲ. ದೀಪ ಹಚ್ಚಿದವಳೇ ಒಂದು ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು ಹೊರಟುಬಿಟ್ಟೆ. ಫೋನಿನಲ್ಲಿ ಚಾರ್ಜ್ ಇರಲಿಲ್ಲ. "ಆಮೇಲೆ ಕಂಬಳಿ ಜೊತೆ ಅದನ್ನೂ ತಂದ್ಕೊಡಿ," ಎಂದು ಯಜಮಾನರಿಗೆ ಹೇಳಿ, ಫೋನನ್ನು ಗೋಡೆಗೆ ಸಿಕ್ಕಿಸಿ ಬಂದೆ.

ಪಾರ್ಕಿನ ಗೇಟು ತೆರೆದೇ ಇತ್ತು. ಒಳಗೆ ಯಾರೂ ಇರಲಿಲ್ಲ. ಬ್ಯಾಂಡ್‌ಸ್ಟ್ಯಾಂಡ್ ದಾಟಿ, ಸಾಲಿನ ಎಲ್ಲಕ್ಕಿಂತ ದಪ್ಪ ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಕೂತೆ. ಮಳೆಮರದ ಎಲೆಗಳು ಆಗಲೇ ಮಡಚಿಕೊಂಡಿದ್ದವು. ಊರಿನ ಕಡೆಯಿಂದ ಮಗ್ಗಗಳ ಟಕಟಕ ಸದ್ದು ಒಂದೇ ಸಮನೆ ಬರುತ್ತಿತ್ತು. ಅದು ನಮಗೆ ಉಸಿರಾಟದ ಹಾಗೆ, ಕೇಳಿಸುವುದೇ ಇಲ್ಲ.

ಆಗ ಕರೆಂಟು ಹೋಯಿತು.

ನಮ್ಮೂರಿನಲ್ಲಿ ಕರೆಂಟು ಹೋದರೆ ಕತ್ತಲಿಗಿಂತ ಮೊದಲು ತಿಳಿಯುವುದು ಮೌನ. ಮಗ್ಗಗಳೆಲ್ಲ ಒಟ್ಟಿಗೆ ನಿಂತುಬಿಟ್ಟವು. ಕಿವಿಯೊಳಗೆ ಗುಂಯ್ ಎನ್ನುವಷ್ಟು ಮೌನ... ದೂರದ ಹೆದ್ದಾರಿಯ ಲಾರಿಯೊಂದರ ಹಾರ್ನ್ ಬಿಟ್ಟರೆ ಏನೂ ಇಲ್ಲ.

ಸ್ವಲ್ಪ ಹೊತ್ತಿಗೆ ಗೇಟಿನ ಕಡೆ ಕಬ್ಬಿಣದ ಸರಪಳಿ ಎಳೆದ ಸದ್ದಾಯಿತು. ಹೆಂಗಸರ ಮಾತೂ ಕೇಳಿಸಿದ ಹಾಗಾಯಿತು. ಬಂದರಲ್ಲ ಎಂದು ಸಮಾಧಾನಪಟ್ಟೆ. ಆದರೆ ಮಾತು ಹತ್ತಿರ ಬರಲಿಲ್ಲ. ದೂರವಾಗುತ್ತಾ ಹೋಗಿ... ನಿಂತುಹೋಯಿತು.

ಎದ್ದು ನೋಡೋಣ ಎಂದುಕೊಳ್ಳುವಷ್ಟರಲ್ಲಿ ಹಿಂದುಗಡೆಯಿಂದ ಮೆಲ್ಲಗೆ ಯಾರೋ ಕರೆದರು.

"ರತ್ನ..."

ಗಿರಿಜಾಳ ದನಿ. ಗೇಟಿನ ಕಡೆಯಿಂದಲ್ಲ, ಮರಗಳ ಸಾಲಿನ ಒಳಗಿಂದ ಅವಳು ಬರುತ್ತಿದ್ದಳು. ಅದೇ ಕುಳ್ಳಗಿನ ದುಂಡು ಮೈಕಟ್ಟು, ಅದೇ ಒಂದು ಕಾಲನ್ನು ತುಸು ಎಳೆಯುವ ನಡಿಗೆ. ಬಂದವಳೇ ನನ್ನ ಪಕ್ಕದಲ್ಲಿ ಕೂತಳು. ಸೀರೆ ಕರಕರ ಎಂದಿತು, ಹೊಸ ಬಟ್ಟೆಯ ಹಾಗೆ.

"ಆ ಕಡೆಯಿಂದ ಯಾಕೆ ಬಂದ್ಯೇ?" ಎಂದೆ.

"ಇಲ್ಲೇ ಇದ್ದೆ ಕಣೆ."

"ಉಳಿದೋರೆಲ್ಲ ಎಲ್ಲಿ?"

"ಯಾರೂ ಬರಲ್ಲ."

"ಹಂಗಂದ್ರೆ? ಬರ್ತೀವಿ ಅಂದಿದ್ರಲ್ಲ."

"ಅಂದಿದ್ರು."

ಅಷ್ಟೇ. ಅದನ್ನು ಹೇಳಿದ ರೀತಿಯಲ್ಲಿ ಸಿಟ್ಟೂ ಇರಲಿಲ್ಲ, ಬೇಸರವೂ ಇರಲಿಲ್ಲ. ಅವಳ ಮುಖ ಕತ್ತಲಲ್ಲಿ ಕಾಣುತ್ತಿರಲಿಲ್ಲ. ನೋಡಬೇಕೆಂದು ನನಗೆ ಅನ್ನಿಸಲೂ ಇಲ್ಲ. ಇಷ್ಟು ವರ್ಷ ಪಕ್ಕದಲ್ಲಿ ಕೂತವಳ ಮುಖವನ್ನು ಯಾರು ಹೊಸದಾಗಿ ನೋಡುತ್ತಾರೆ?

ಫ್ಲಾಸ್ಕಿನ ಮುಚ್ಚಳಕ್ಕೆ ಕಾಫಿ ಬಗ್ಗಿಸಿ ಕೊಟ್ಟೆ. ಬೆಂಚಿನ ಮೇಲೆ ಇಡು ಎನ್ನುವಂತೆ ಕೈ ಆಡಿಸಿದಳು. ಕುಡಿಯಲಿಲ್ಲ. ಕಾಫಿಯ ಘಮದ ಜೊತೆಗೇ ಇನ್ನೊಂದು ವಾಸನೆ ಮೂಗಿಗೆ ಬಂತು. ಹುಳಿ ಬಂದ ಅಕ್ಕಿ ಗಂಜಿಯ ವಾಸನೆ. ಮೊದಮೊದಲು ತೆಳ್ಳಗೆ... ಆಮೇಲೆ ಯಾರೋ ಹಂಡೆಯ ಮುಚ್ಚಳ ತೆಗೆದ ಹಾಗೆ.

ಅದರ ಹಿಂದೆಯೇ ಆ ಸದ್ದು.

ಸರ್... ಸರ್... ಸರ್...

ಮರಗಳ ಕೆಳಗೆ, ಸಾಲಿನ ಆ ತುದಿಯಿಂದ ಈ ತುದಿಗೆ. ಒರಟು ಕುಂಚದಿಂದ ಬಟ್ಟೆ ಉಜ್ಜಿದ ಹಾಗೆ. ಜೊತೆಗೆ ಬರಿಗಾಲಿನ ಹೆಜ್ಜೆಗಳು. ಒಬ್ಬರದ್ದಲ್ಲ... ಎಷ್ಟೋ ಜನರದ್ದು. ನಮ್ಮ ಬೆನ್ನ ಹಿಂದೆಯೇ ಹಾದು, ತಿರುಗಿ, ಮತ್ತೆ ಹಾದುಹೋಗುತ್ತಿದ್ದವು.

"ಯಾರೇ ಅದು?" ಎಂದೆ. ಕಂಟ್ರಾಕ್ಟರನ ಜನ ಆಗಲೇ ಬಂದರೇನೋ ಎಂಬುದು ನನ್ನ ಅನುಮಾನ.

"ಸದ್ದು ಮಾಡ್ಬೇಡ," ಎಂದಳು. "ಕೆಲಸ ಮಾಡ್ತಾವ್ರೆ."

"ಯಾರು?"

"ನೂಲು ಎಳ್ದು ಕಟ್ಟವ್ರೆ. ಗಂಜಿ ಆರೋವರ್ಗೂ ಅಲ್ಲಾಡೋ ಹಂಗಿಲ್ಲ."

ನನ್ನ ಅನುಮಾನ ಹೋಗಲಿ ಎಂದು ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡು ನಕ್ಕೆ. ಅವಳು ನಗಲಿಲ್ಲ. ನನ್ನ ನಗು ಒಬ್ಬಂಟಿಯಾಗಿ ಮರದ ಮೇಲೆ ಹೋಗಿ ಸುಮ್ಮನಾಯಿತು.

ನಾನು ಅವಳ ಕೈ ಹಿಡಿದುಕೊಂಡೆ. ಆ ಕೈ ತಣ್ಣಗಿತ್ತು, ಅದು ಚಳಿಗೆ ಇರಬಹುದು. ಆದರೆ ಬಿರುಸಾಗಿತ್ತು... ಗಂಜಿ ಹಾಕಿ ಬಿಸಿಲಿಗೆ ಒಣಗಿಸಿದ ಬಟ್ಟೆಯಷ್ಟು ಬಿರುಸು. ನನಗೆ ಆಗ ಅದೂ ವಿಚಿತ್ರ ಎನ್ನಿಸಲಿಲ್ಲ. ಊರೆಲ್ಲ ಕೈಬಿಟ್ಟ ರಾತ್ರಿ ಒಬ್ಬಳು ಬಂದಳಲ್ಲ ಎಂಬುದೇ ಎದೆ ತುಂಬ ಇತ್ತು. ಕಣ್ಣಲ್ಲಿ ನೀರು ಬಂತು.

"ನೀನಾದ್ರೂ ಹೋಗಲ್ಲ ತಾನೇ?" ಎಂದು ಕೇಳಿದೆ.

"ಬರ್ತೀನಿ ಅಂದೆ, ಬಂದೆ. ಇರ್ತೀನಿ ಅಂದ್ಮೇಲೆ ಇರ್ತೀನಿ."

ಈ ಮಾತನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ಎಷ್ಟು ಹೊತ್ತು ಹಾಗೆ ಕೂತಿದ್ದೆವೋ. ಗೇಟಿನ ಕಡೆ ಟಾರ್ಚು ಕಾಣಿಸಿತು. ಬೀಗ ತೆಗೆದ ಸದ್ದು. ಆಮೇಲೆ ಯಜಮಾನರ ದನಿ, ಗಾಬರಿಯಲ್ಲಿ. "ರತ್ನಾ... ಲೇ ರತ್ನಾ..."

"ಇಲ್ಲಿದೀನಿ," ಎಂದು ಎದ್ದು, ಬ್ಯಾಂಡ್‌ಸ್ಟ್ಯಾಂಡ್ ಹತ್ತಿರ ಅವರಿಗೆ ಎದುರಾದೆ. ಅವರ ಕೈಯಲ್ಲಿ ಕಂಬಳಿಯೂ ಇರಲಿಲ್ಲ, ಫೋನೂ ಇರಲಿಲ್ಲ.

"ಒಬ್ಳೇ ಕೂತಿದ್ಯಾ ಈ ಕತ್ತಲಲ್ಲಿ? ಗೇಟಿಗೆ ಬೀಗ ಹಾಕವ್ರೆ, ಗೊತ್ತಾಗ್ಲಿಲ್ವಾ?"

"ಒಬ್ಳೇ ಯಾಕೆ? ಗಿರಿಜಾ ಇದಾಳಲ್ಲ."

ಅವರು ಟಾರ್ಚನ್ನು ನನ್ನ ಮುಖಕ್ಕೆ ಹಿಡಿದರು, ಆಮೇಲೆ ಕೆಳಗಿಳಿಸಿದರು.

"ಗಿರಿಜಾ ನಮ್ಮನೆ ಜಗಲಿ ಮೇಲೆ ಕೂತವ್ಳೆ," ಎಂದರು. "ಆಗಿನಿಂದ ಅಳ್ತಾವ್ಳೆ. ಈ ಬೀಗದ ಕೈ ಕೊಟ್ಟು, ರತ್ನ ಒಳಗೇ ಸಿಕ್ಕಾಕ್ಕೊಂಡವ್ಳೆ, ಕರ್ಕೊಂಡ್ ಬನ್ನಿ ಅಂತ ಕಳಿಸಿದ್ದೇ ಅವ್ಳು."

ನಾನು ತಿರುಗಿ ನೋಡಿದೆ. ಅವರೂ ಟಾರ್ಚು ತಿರುಗಿಸಿದರು. ಬೆಂಚಿನ ಮೇಲೆ ಯಾರೂ ಇರಲಿಲ್ಲ. ಕುಂಚದ ಸದ್ದು ನಿಂತಿತ್ತು. ವಾಸನೆ ಮಾತ್ರ ಇತ್ತು... ಅದು ಅವರ ಮೂಗಿಗೂ ಬಂತು. ಯಾಕೆಂದರೆ ಅವರು ಮೂಗು ಮುಚ್ಚಿಕೊಂಡು, "ನಡಿ, ಮೊದ್ಲು ಮನೆಗೆ ನಡಿ," ಎಂದು ನನ್ನ ರಟ್ಟೆ ಹಿಡಿದು ಎಳೆದುಕೊಂಡು ಹೊರಟರು.

ಮನೆಯ ಜಗಲಿಯ ಮೇಲೆ ಮೇಣದ ಬತ್ತಿಯ ಪಕ್ಕ ಗಿರಿಜಾ ಕೂತಿದ್ದಳು. ಮುಖ ಊದಿತ್ತು. ನಾನು ಮೊದಲು ಮಾಡಿದ ಕೆಲಸ ಅವಳ ಕೈ ಹಿಡಿದು ನೋಡಿದ್ದು. ಬೆಚ್ಚಗೆ, ಮೆತ್ತಗೆ ಇತ್ತು. ಕೈಯನ್ನು ಹಾಗೇ ಬಿಟ್ಟುಬಿಟ್ಟೆ.

ಅವಳು ಎಲ್ಲವನ್ನೂ ತಾನಾಗಿಯೇ ಹೇಳಿದಳು. ಕರೆಂಟು ಹೋದ ಕತ್ತಲಲ್ಲಿ ಗೇಟಿಗೆ ಬೀಗ ಹಾಕಿದವಳು ಅವಳು. ಹೊದಿಕೆ ಹಿಡಿದು ಬಂದ ಹೆಂಗಸರಿಗೆ, ತಡೆಯಾಜ್ಞೆ ಆಗಲೇ ಬಂದಾಯಿತು, ಇನ್ನೇನೂ ಭಯವಿಲ್ಲ, ಹೋಗಿ ಮಲಗಿ ಎಂದು ಹೇಳಿ ವಾಪಸ್ ಕಳಿಸಿದವಳೂ ಅವಳೇ. ಅದೇ ಸುಳ್ಳನ್ನು ನನಗೂ ಹೇಳೋಣ ಎಂದು ನಮ್ಮ ಮನೆಗೆ ಬಂದಿದ್ದಾಳೆ. ನಾನು ದೀಪ ಹಚ್ಚಿದಾಗಲೇ ಪಾರ್ಕಿಗೆ ಹೋದೆ ಎಂದು ತಿಳಿದಾಗ ಅಲ್ಲೇ ಕುಸಿದಿದ್ದಾಳೆ.

"ಯಾಕೆ?" ಎಂದೆ.

"ಕಂಟ್ರಾಕ್ಟರ್ ಕಡೆಯೋರು ವೀಣಾಗೆ ಕನ್ವೆನ್ಷನ್ ಹಾಲ್ ಮುಂದೆ ಒಂದು ಅಂಗಡಿ ಕೊಡ್ತೀವಿ ಅಂದ್ರು ರತ್ನ." ವೀಣಾ ಅವಳ ಮಗಳು. ಗಂಡನನ್ನು ಬಿಟ್ಟು, ಮಗು ಎತ್ತಿಕೊಂಡು ತವರಿಗೆ ಬಂದಿದ್ದಳು. "ನಾನ್ ಇರೋವರ್ಗೂ ಸರಿ. ಆಮೇಲೆ ಅವ್ಳನ್ನ ಯಾರ್ ನೋಡ್ತಾರೆ?"

"ನನ್ ಹತ್ರ ಒಂದ್ ಮಾತು ಹೇಳ್ಬೋದಿತ್ತು."

"ಹೇಳಿದ್ರೆ ಒಪ್ತಿದ್ಯಾ?"

ನಾನು ಒಪ್ಪುತ್ತಿರಲಿಲ್ಲ. ಆದರೆ ಅವಳ ಜೊತೆ ಕೂತು ಅಳುತ್ತಿದ್ದೆ. ನಮ್ಮಿಬ್ಬರ ನಡುವೆ ಅಷ್ಟು ಇದೆ ಎಂದು ನಾನು ತಿಳಿದಿದ್ದೆ.

"ನನ್ನ ಜೊತೆ ಈಗ ಅಲ್ಲಿ ಒಬ್ಳು ಕೂತಿದ್ಲು ಗಿರಿಜಾ," ಎಂದೆ. "ನಿನ್ ದನೀಲಿ ಮಾತಾಡಿದ್ಲು."

ಅವಳ ಅಳು ಥಟ್ಟನೆ ನಿಂತಿತು. ಮೇಣದ ಬತ್ತಿಯ ಬೆಳಕಲ್ಲಿ ನನ್ನನ್ನೇ ನೋಡಿದಳು. ಆಮೇಲೆ ಬಹಳ ಸಣ್ಣ ದನಿಯಲ್ಲಿ ಕೇಳಿದಳು, "ನನ್ ಬಗ್ಗೆ... ಏನಾದ್ರೂ ಅಂದ್ಲಾ?"

ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಕೈಯಲ್ಲಿ ಕೀ ಇದೆ, ಈಗಲೇ ವಾಪಸ್ ಹೋಗಿ ಕೂರುತ್ತೇನೆ ಎಂದೆ. ಯಜಮಾನರು ಬಿಡಲಿಲ್ಲ. ಇಬ್ಬರೂ ಸೇರಿ ಒಬ್ಬೊಬ್ಬರಿಗೇ ಫೋನು ಮಾಡಿದೆವು. ಕೆಲವರು ಎತ್ತಲಿಲ್ಲ. ಎತ್ತಿದವರು ಬೆಳಗಿನ ಜಾವಕ್ಕೆ ಬರುತ್ತೇವೆ ಎಂದರು. ಬಂದರು ಕೂಡ. ಆದರೆ ನಾವು ಹೋಗುವಷ್ಟರಲ್ಲಿ ಗೇಟಿಗೆ ಒಳಗಿನಿಂದ ಹೊಸ ಸರಪಳಿ, ಹೊಸ ಬೀಗ. ಹಿಂದುಗಡೆ ಗರಗಸದ ಯಂತ್ರ ಕಿರುಚುತ್ತಿತ್ತು. ಆಗಲೇ ಎರಡು ಮರ ಉರುಳಿದ್ದವು. ನಾವು ಕಂಬಿ ಹಿಡಿದು ಕೂಗಿದೆವು. ಯಾರು ಕೇಳುತ್ತಾರೆ?

ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ಕೆಲಸದವನೊಬ್ಬ ತಲೆಗೆ ಕಟ್ಟಿದ ಟವೆಲ್ ಬಿಚ್ಚಿಕೊಂಡು ನಮ್ಮ ಕಡೆಗೇ ಓಡಿ ಬಂದ. ಎಲ್ಲಿಂದಲೋ ಕರೆಸಿದ ಆಳು. ನಮ್ಮ ಯಾರ ಪರಿಚಯವೂ ಅವನಿಗಿಲ್ಲ.

"ಅಮ್ಮಾ, ನಿಮ್ಮೋರು ಒಬ್ರು ಒಳಗೆ ಕೂತವ್ರೆ," ಎಂದ. "ದಪ್ಪ ಮರದ ಕೆಳಗೆ, ಬೆಂಚ್ ಮೇಲೆ. ಎಷ್ಟ್ ಕರೆದ್ರೂ ತಿರುಗಿ ನೋಡಲ್ಲ. ಬಂದು ಎಬ್ಬಿಸ್ಕೊಂಡ್ ಹೋಗಿ, ಮರ ಬೀಳ್ತದೆ."

ನಮ್ಮ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಂದವರೆಲ್ಲ ಅಲ್ಲೇ ಇದ್ದರು.

"ಯಾರಪ್ಪಾ? ಹೆಂಗವ್ರೆ?" ಎಂದು ನಾನು ಕೇಳಿದೆ.

ಅವನು ನಮ್ಮನ್ನೆಲ್ಲ ಒಂದು ಸುತ್ತು ನೋಡಿ, ನಮ್ಮ ತಲೆಯ ಮೇಲಿಂದ ರಸ್ತೆಯ ಆಚೆಗೆ ಕೈ ತೋರಿಸಿದ. "ಅಗೋ, ಅವ್ರ ಥರಾನೇ. ಅದೇ ಎತ್ತರ, ಅದೇ ಮೈಕಟ್ಟು."

ತಿರುಗಿ ನೋಡಿದೆವು. ಎದುರು ಮನೆಯ ಬಾಗಿಲಲ್ಲಿ, ಸೆರಗನ್ನು ಬಾಯಿಗೆ ಒತ್ತಿಕೊಂಡು, ಗಿರಿಜಾ ನಿಂತಿದ್ದಳು.

ಅವನು ಹೇಳಿದ್ದು ಅವಳಿಗೂ ಕೇಳಿಸಿತ್ತು. ನಿಂತಲ್ಲೇ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಬೀಗ ತೆಗಿಯಪ್ಪ," ಎಂದು ಯಜಮಾನರು ಆ ಆಳಿಗೆ ಹೇಳುತ್ತಿದ್ದರು. ಅವನ ಹತ್ತಿರ ಕೀ ಇರಲಿಲ್ಲ. ಮೇಸ್ತ್ರಿಯನ್ನು ಕರೆಯಲು ಅವನು ವಾಪಸ್ ಓಡಿದ. ಅವನು ಬ್ಯಾಂಡ್‌ಸ್ಟ್ಯಾಂಡ್ ದಾಟುವಷ್ಟರಲ್ಲಿ ಮರ ಬಿತ್ತು. ನಮ್ಮ ಕಾಲ ಕೆಳಗಿನ ನೆಲ ಅದುರಿತು. ಧೂಳು, ಎಲೆ, ಹಕ್ಕಿಗಳ ಚೀತ್ಕಾರ... ಆಮೇಲೆ ಯಂತ್ರಗಳು ಒಂದೊಂದಾಗಿ ನಿಂತವು. ಗಂಡಸರು ಗುಂಪಾಗಿ ಕೊಂಬೆಗಳನ್ನು ಎಳೆದು ಹುಡುಕತೊಡಗಿದರು. ಬಹಳ ಹೊತ್ತು ಹುಡುಕಿದರು. ಬೆಂಚು ಮುರಿದು ಬಿದ್ದಿತ್ತು. ಅದರ ಮೇಲೂ ಯಾರೂ ಇಲ್ಲ, ಕೆಳಗೂ ಇಲ್ಲ.

ಆ ಆಳು ಮತ್ತೆ ಗರಗಸ ಮುಟ್ಟಲಿಲ್ಲ. ಟವೆಲ್ ಹೆಗಲಿಗೆ ಹಾಕಿಕೊಂಡು, ಗೇಟು ತೆಗೆದಾಗ ನಮ್ಮ ಪಕ್ಕದಿಂದಲೇ ಹೊರಟುಹೋದ. ಉಳಿದವರು ಕೆಲಸ ಮುಂದುವರಿಸಿದರು. ಮಧ್ಯಾಹ್ನ ವಕೀಲರು ತಡೆಯಾಜ್ಞೆ ಹಿಡಿದು ಬಂದಾಗ ಆ ಸಾಲಿನಲ್ಲಿ ನಿಂತ ಮರ ಒಂದೂ ಇರಲಿಲ್ಲ.

ಆಜ್ಞೆಯಿಂದಾಗಿ ಕನ್ವೆನ್ಷನ್ ಹಾಲ್ ಕಟ್ಟುವುದಂತೂ ನಿಂತಿದೆ. ಕೇಸು ನಡೆಯುತ್ತಲೇ ಇದೆ. ವೀಣಾಗೆ ಅಂಗಡಿಯೂ ಸಿಗಲಿಲ್ಲ, ನಮಗೆ ನೆರಳೂ ಉಳಿಯಲಿಲ್ಲ. ಗಿರಿಜಾ ಮಾಡಿದ್ದು ಊರಿಗೆಲ್ಲ ಗೊತ್ತಾಯಿತು. ಅವಳು ಸಮಿತಿ ಬಿಟ್ಟಳು, ಹೊರಗೆ ಬರುವುದನ್ನೂ ಬಿಟ್ಟಳು. ನಾನು ಅವಳ ಮನೆಯ ಮುಂದೆ ಹೋಗಬೇಕಾದರೆ ಆಚೆ ಬೀದಿಯಿಂದ ಸುತ್ತಿಕೊಂಡು ಹೋಗುತ್ತೇನೆ. ನಾವಿಬ್ಬರೂ ಮಾತಾಡಿಲ್ಲ. ಇನ್ನು ಮಾತಾಡುತ್ತೇವೆ ಎಂದೂ ನನಗೆ ಅನ್ನಿಸುವುದಿಲ್ಲ.

ಒಂದು ಮಾತು ಹೇಳಲು ಸಂಕೋಚವಾಗುತ್ತದೆ. ಗಿರಿಜಾಳನ್ನು ನೆನೆಸಿಕೊಂಡು ನಾನು ಅತ್ತದ್ದಿದೆ. ಆದರೆ ನೆನಪಾಗುವುದು ಮಧುರೆಯ ಗಿರಿಜಾ ಅಲ್ಲ. ಆ ರಾತ್ರಿ ಪಕ್ಕದಲ್ಲಿ ಕೂತವಳು.

ಇದಾಗಿ ಎಷ್ಟೋ ತಿಂಗಳ ಮೇಲೆ, ಮೊನ್ನೆ ಮೊನ್ನೆ... ಯಜಮಾನರು ಸೆಕೆಂಡ್ ಶಿಫ್ಟಿಗೆ ಹೋಗಿದ್ದರು. ಆಗಷ್ಟೇ ಕತ್ತಲಾಗಿತ್ತು. ನಾನು ಒಳಗೆ ಹುಕ್ಕು ಹಚ್ಚುತ್ತಾ ಕೂತಿದ್ದೆ. ಬಾಗಿಲ ಹತ್ತಿರ ಯಾರೋ ಬಂದು ನಿಂತ ಹಾಗಾಯಿತು.

"ರತ್ನ," ಎಂದಿತು ದನಿ. "ಬಾಗ್ಲು ತೆಗಿಯೇ. ಒಂದ್ ಗಳಿಗೆ ಕೂತು ಮಾತಾಡಿ ಹೋಗ್ತೀನಿ."

ಸಂದೇಹವೇ ಇಲ್ಲ. ಗಿರಿಜಾಳ ದನಿ.

ಎದ್ದು ಹೋಗಿ ಚಿಲಕದ ಮೇಲೆ ಕೈ ಇಟ್ಟೆ. ಬಾಗಿಲಿನ ಆಚೆ ಉಸಿರಾಡುವುದು ಕೇಳಿಸುತ್ತಿತ್ತು. ನಿಜವಾದ ಗಿರಿಜಾ ಇರಬಹುದು. ಇಷ್ಟು ದಿನದ ಮೇಲೆ ಎದೆ ಗಟ್ಟಿ ಮಾಡಿಕೊಂಡು ಕ್ಷಮೆ ಕೇಳಲು ಬಂದಿರಬಹುದು. ಹಾಗಾದರೆ ನಾನು ತೆರೆಯಲಾರೆ, ಅವಳ ಮುಖ ನೋಡಲಾರೆ. ಇನ್ನೊಬ್ಬಳಾಗಿದ್ದರೆ... ತೆರೆಯಬೇಕು ಎಂದು ನನ್ನ ಮನಸ್ಸು ಎಳೆಯುತ್ತಿತ್ತು. ಆ ಎಳೆತಕ್ಕೇ ಹೆದರಿ ಚಿಲಕದಿಂದ ಕೈ ತೆಗೆದೆ.

"ಗಿರಿಜಾ, ನೀನೇನಾ?" ಎಂದೆ.

ಆಚೆಯಿಂದ ದನಿ ಕೇಳಿತು.

"ಯಾವ್ ಗಿರಿಜಾ ಆಗಿದ್ರೆ ತೆಗೀತೀಯಾ?"

ನಾನು ತೆಗೆಯಲಿಲ್ಲ. ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತುಬಿಟ್ಟೆ. ಯಜಮಾನರು ಬರುವವರೆಗೂ ಹಾಗೇ ಕೂತಿದ್ದೆ. ಹೆಜ್ಜೆ ದೂರ ಹೋದದ್ದು ನನಗೆ ಕೇಳಿಸಲೇ ಇಲ್ಲ.

ಬಂದವಳು ಯಾರು ಎಂದು ತಿಳಿಯಬೇಕಾದರೆ ಒಂದೇ ದಾರಿ. ಹೋಗಿ ಗಿರಿಜಾಳನ್ನು ಕೇಳಬೇಕು, ಆವತ್ತು ಸಂಜೆ ನಮ್ಮ ಮನೆಗೆ ಬಂದಿದ್ಯಾ ಎಂದು. ಅವಳು ಹೌದು ಎನ್ನಬಹುದು. ಆದರೆ ಅವಳು ಹೌದು ಎಂದರೆ ನಾನು ನಂಬಬೇಕಲ್ಲ.